ಲಸಿಕೆ ಹಾಕಿಸಿದ ಮೇಲಿನ ಅರ್ಧ ಗಂಟೆ

ತೊಟ್ಟಿಲು ಖಾಲಿಯಿತ್ತು. ದರ್ಜಿ ಹುಡುಗಿ ಪಕ್ಕದ ಮನೆಗೆ ಓಡಿದಳು.

"ಲಿಫ್ಟಪ್ಪ ಮಗೂನ ಕ್ಲಿನಿಕ್‌ಗೆ ಕರ್ಕೊಂಡು ಹೋದ. ನಿಂಗೆ ಎಷ್ಟು ಸಲ ಫೋನ್ ಮಾಡಿದ ಗೊತ್ತಾ?" ಎಂದಳು ಪಕ್ಕದ ಮನೆಯಾಕೆ. ಹೊಲಿಗೆ ಯಂತ್ರದ ಗದ್ದಲದಲ್ಲಿ ಅದು ಯಾರಿಗೆ ಕೇಳಿಸಬೇಕು?

ಲಿಫ್ಟಪ್ಪ ಎಂದರೆ ಲಿಫ್ಟ್ ರಿಪೇರಿಯವನು, ಅವಳ ಭಾವನ ತಮ್ಮ. ಹೆರಿಗೆಯಲ್ಲಿ ಅಕ್ಕ ತೀರಿಕೊಂಡ ಮೇಲೆ ಕೂಸನ್ನು ಸಾಕುತ್ತಿದ್ದವರು ಇವರಿಬ್ಬರೇ. ದಡಾರದ ಲಸಿಕೆಯ ಮಾತೆತ್ತಿದರೆ ಮಾತ್ರ ಜಗಳ. ಹಡಗಿನ ಕೆಲಸದಲ್ಲಿದ್ದ ಭಾವ, "ನೀವಿಬ್ರೂ ಸೇರಿ ತೀರ್ಮಾನ ಮಾಡಿ" ಎಂದುಬಿಟ್ಟಿದ್ದ.

ಅಕ್ಕನಿಗೆ ಕೊನೆಗೆ ಕೊಟ್ಟದ್ದೂ ಒಂದು ಇಂಜೆಕ್ಷನ್. ಅಷ್ಟರಲ್ಲಾಗಲೇ ರಕ್ತಸ್ರಾವ ಕೈಮೀರಿತ್ತು ಎಂದು ಎಲ್ಲರೂ ಹೇಳಿದ್ದರು. ಅವಳ ಕಣ್ಣಿಗೆ ಕಟ್ಟಿದ್ದು ಸೂಜಿ ಮಾತ್ರ.

ಓಡಿಬಂದವಳು ಕ್ಲಿನಿಕ್ಕಿನ ಬಾಗಿಲಲ್ಲೇ ಸಿಡಿದಳು. "ನನ್ನ ಕೇಳದೆ ಚುಚ್ಚಿಸಿಬಿಟ್ಯಾ?"

"ಇಲ್ಲ." ಮಗು ಅವನ ಹೆಗಲಿಗೊರಗಿ ಬೆರಳು ಚೀಪುತ್ತಿತ್ತು. "ಹಿಂದಿನ ಬೀದೀಲಿ ಮಕ್ಕಳಿಗೆ ದಡಾರ ಬಂದಿದ್ಯಂತೆ. ಗಾಬರಿಯಾಗಿ ಬಂದೆ. ಆದ್ರೆ ನೀನು ಒಪ್ಪದೆ ಹಾಕ್ಸಲ್ಲ. ದಿನವಿಡೀ ಸೂಜಿ ಹಿಡಿಯೋಳೇ ಹೆದರ್ತಾಳೆ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಡಾಕ್ಟರನ್ನೇ ಕೇಳು."

ಹಾಳಾದವನು, ಕಣ್ಣಲ್ಲೇ ನಕ್ಕ. ಅವಳ ಸಿಟ್ಟು ಇಳಿಯಿತು, ಭಯ ಇಳಿಯಲಿಲ್ಲ.

ಡಾಕ್ಟರಮ್ಮ ಅಕ್ಕನ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. "ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲಮ್ಮ. ವಾರದ ಹೊತ್ತಿಗೆ ಜ್ವರ ಬರಬಹುದು, ತಾನಾಗಿ ಇಳಿಯುತ್ತೆ. ಜೋರು ಅಲರ್ಜಿ ತುಂಬಾ ಅಪರೂಪ. ಬಂದ್ರೂ ಸಾಮಾನ್ಯವಾಗಿ ಮೊದಲ ಅರ್ಧ ಗಂಟೇಲೇ ಗೊತ್ತಾಗುತ್ತೆ, ಔಷಧಿ ಇಲ್ಲೇ ಇದೆ. ದಡಾರ ಹಾಗಲ್ಲ. ಶ್ವಾಸಕೋಶಕ್ಕೆ, ಮೆದುಳಿಗೂ ಇಳೀಬಹುದು."

ಅವಳು ಕೇಳಿದ್ದನ್ನೇ ಮತ್ತೆ ಕೇಳಿದಳು. ಅವರು ಬೇಸರಿಸದೆ ಮತ್ತೆ ಹೇಳಿದರು. ಕೊನೆಗೆ ಅವಳೇ ಮಗುವಿನ ಅಂಗಿಯ ತೋಳು ಸರಿಸಿ, "ಹಾಕಿ" ಎಂದಳು.

ಮಗು ಕಿರುಚಿ, ಅತ್ತು, ನಿದ್ದೆಹೋಯಿತು. ಹೊರಗಿನ ಬೆಂಚಿನ ಮೇಲೆ ಅವಳು ಅದರ ಉಸಿರಿಗೆ ಕಿವಿಯಿಟ್ಟು ಕೂತಳು. ಯಾವಾಗಲೋ ಅವನು ಅವಳ ಕೈ ಹಿಡಿದಿದ್ದ.

"ಬಿಡು ಅನ್ನೋದಿದ್ರೆ ಈಗ್ಲೇ ಹೇಳು."

"ನಾನೇನಾದ್ರೂ ಅಂದ್ನಾ?"

ಇಬ್ಬರೂ ಮಗುವನ್ನೇ ನೋಡುತ್ತಿದ್ದರು. ಅವನ ಕಿವಿ ಕೆಂಪಾಗಿದ್ದನ್ನು ಅವಳು ಓರೆಗಣ್ಣಲ್ಲೇ ಗಮನಿಸಿದಳು. ಇಷ್ಟು ದಿನ ತಾನು ಸಂಜೆ ಅವನು ಬರಲೆಂದು ಕಾದದ್ದು ಬರೀ ಮಗುವಿನ ಸಲುವಾಗಿ ಅಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನರ್ಸ್ ಬಂದು ಮಗುವನ್ನು ನೋಡಿ, "ಆರಾಮಾಗಿದೆ, ಹೊರಡಿ" ಎಂದಳು.

"ಜ್ವರ ಬಂದ್ರೆ ಹೇಳು," ಎಂದ ಅವನು ಮೆಲ್ಲಗೆ. "ರಾತ್ರಿ ನಾನೂ ಇರ್ತೀನಿ."

ಅವಳು ಮಗುವನ್ನು ಅವನ ತೋಳಲ್ಲಿಟ್ಟಳು.

"ಬರದಿದ್ರೂ ಇರು."