ಐದನೆಯ ಸಹಿ

"ಸಹಿ ಹಾಕಿದ ಕೈಯಲ್ಲೇ ಕತ್ತು ಹಿಸುಕಿದ್ರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಕಾಲೇಜಿನ ಮೆಟ್ಟಿಲ ಮೇಲೆ ಅವಳು ಅವನ ದಾರಿಗೆ ಅಡ್ಡ ನಿಂತಿದ್ದಳು. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಕೋಪ. ಹಿಂದೆ ಬರುತ್ತಿದ್ದವರೆಲ್ಲ ಗಕ್ಕನೆ ನಿಂತರು.

ಅವನು ತಬ್ಬಿಬ್ಬಾದ. ಅರ್ಧ ಗಂಟೆಯ ಹಿಂದೆ ಇಡೀ ಸಭಾಂಗಣದಿಂದ ಚಪ್ಪಾಳೆ ಗಿಟ್ಟಿಸಿದ್ದವನು!

ಒಳಗೆ ನಡೆದದ್ದು ವಿದ್ಯಾರ್ಥಿಗಳ ರಾಜತಾಂತ್ರಿಕ ಚರ್ಚೆ. ಒಬ್ಬೊಬ್ಬರೂ ಒಂದೊಂದು ದೇಶದ ಪ್ರತಿನಿಧಿ. ವಿಷಯ, ಬಡ ರಾಷ್ಟ್ರಗಳ ಸುಸ್ಥಿರ ಅಭಿವೃದ್ಧಿ. ಅವಳ ಪಾಲಿಗೆ ಬಂದದ್ದು ನೂಲಿಗೆ ಬಣ್ಣ ಹಾಕಿ ಹೊಟ್ಟೆ ಹೊರೆಯುವ ಪುಟ್ಟ ದೇಶ. ಅವನದು ಆ ಬಟ್ಟೆ ಕೊಳ್ಳುವ ಸಿರಿವಂತ ದೇಶ. ಗೆಳೆಯರು ಅವನನ್ನು 'ಸಾಹುಕಾರ' ಎಂದೇ ಕರೆಯತೊಡಗಿದ್ದರು.

ಅವಳು ಒಂದು ವಾರ ಕೂತು ಠರಾವು ಬರೆದಿದ್ದಳು. ಬಣ್ಣದ ನೀರು ಹೊಳೆಗೆ ಸೇರಬಾರದು, ನಿಜ. ಅದಕ್ಕೆ ಕಾರ್ಖಾನೆಯನ್ನೇ ಮುಚ್ಚುವುದೇಕೆ? ನೀರು ಶುದ್ಧ ಮಾಡುವ ಯಂತ್ರಕ್ಕೆ ಬಟ್ಟೆ ಕೊಳ್ಳುವವರೂ ಹೆಗಲು ಕೊಡಲಿ!

ಠರಾವು ಚರ್ಚೆಗೆ ಬರಲು ಐದು ದೇಶಗಳ ಸಹಿ ಬೇಕಿತ್ತು. ನಾಲ್ಕು ಸಿಕ್ಕಿ, ಐದನೆಯದಕ್ಕೆ ಅಲೆಯುತ್ತಿದ್ದಾಗ ಸಾಹುಕಾರನೇ ಪೆನ್ನು ತೆಗೆದ.

"ಕೊಡಿ, ನಾನು ಹಾಕ್ತೀನಿ" ಎಂದು ನಕ್ಕ. ಆ ನಗುವಿಗೆ ಅವಳ ಎದೆ ಝಲ್ಲೆಂದದ್ದು ಸುಳ್ಳಲ್ಲ.

ಆಮೇಲೆ ಚರ್ಚೆ ಶುರುವಾದಾಗ ಅವನೇ ಎದ್ದು ನಿಂತು, "ಹೊಳೆಯನ್ನು ಕೊಲ್ಲುವ ಇಂಥ ಕಾರ್ಖಾನೆಗಳನ್ನು ನಾಳೆಯೇ ಮುಚ್ಚಬೇಕು. ಕೊಳೆ ಮಾಡಿದವರೇ ತೊಳೆಯಲಿ!" ಎಂದ.

ಎಂಥ ಚೆಂದದ ಮಾತು! ಚಪ್ಪಾಳೆಯೋ ಚಪ್ಪಾಳೆ. ಕೈ ಎತ್ತಿಸಿ ಎಣಿಸಿದಾಗ ಠರಾವು ಒಂದೇ ಮತದಿಂದ ಬಿದ್ದುಹೋಯಿತು. ಅವನು ಎತ್ತಿದ್ದೂ ವಿರೋಧದ ಕೈಯನ್ನೇ.

"ಸಹಿ ಅಂದ್ರೆ ಒಪ್ಪಿಗೆ ಅಲ್ಲ ರೀ..." ಮೆಟ್ಟಿಲ ಮೇಲೆ ಅವನು ಮೆಲ್ಲಗೆ ಹೇಳಿದ. "ಚರ್ಚೆಗೆ ಬರಲಿ ಅಂತ ಅಷ್ಟೇ. ನಿಯಮದಲ್ಲೇ ಇದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವಳಿಗೆ ಗೊತ್ತಿರಲಿಲ್ಲ. ಇದೇ ಅವಳ ಮೊದಲ ಚರ್ಚೆ. ಅವಮಾನದಿಂದ ಕಿವಿ ಬಿಸಿಯಾದರೂ ಅವಳು ಜಾಗ ಬಿಡಲಿಲ್ಲ.

"ಸರಿ, ಅದು ನನ್ನ ತಪ್ಪು. ಮುಚ್ಚಬೇಕು ಅಂದ್ರಲ್ಲ, ಅದು?"

"ಅದು ಆ ದೇಶದ ನಿಲುವು. ನಾನು ಅದನ್ನೇ ಹೇಳ್ಬೇಕು."

"ನಮ್ಮಮ್ಮ ಇಪ್ಪತ್ತು ವರ್ಷದಿಂದ ಬಣ್ಣದ ತೊಟ್ಟಿಯಿಂದ ನೂಲಿನ ಲಡಿ ಎತ್ತುತ್ತಿದಾರೆ. ಎಷ್ಟು ತಿಕ್ಕಿದ್ರೂ ಉಗುರಿನ ನೀಲಿ ಹೋಗಲ್ಲ. ಆ ಕಾರ್ಖಾನೆ ಬಾಗಿಲಿಗೆ ಹೋದ ವಾರ ನೋಟಿಸ್ ಅಂಟಿಸಿದಾರೆ, ಮುಚ್ಚಿ ಅಂತ. ನಿಮಗೆ ಇದು ಆಟ, ನಮಗೆ ಅನ್ನ!" ಅವಳ ದನಿ ನಡುಗಿತು. "ನಿಮ್ಮ ಸ್ವಂತ ಮಾತು ಅನ್ನೋದು ಒಂದಿದ್ಯಾ? ಇಲ್ಲಾಂದ್ರೆ ಯಾರು ಏನು ಬರೆದುಕೊಟ್ರೂ ಓದಿಬಿಡ್ತೀರಾ?"

ಅವಳು ದಡದಡನೆ ಇಳಿದು ಹೋದಳು.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿ, "ಈ ಕೋಪ ಠರಾವು ಬಿದ್ದಿದ್ದಕ್ಕೋ, ಆ ಹುಡುಗ ಬೀಳಿಸಿದ್ದಕ್ಕೋ?" ಎಂದರು.

"ಅಮ್ಮಾ!"

ಆದರೆ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. 'ಬೇರೆ ಯಾರು ವಿರೋಧಿಸಿದ್ದರೂ ಇಷ್ಟು ನೋಯುತ್ತಿತ್ತೇ?' ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಮರುದಿನ ಬಹುಮಾನ ವಿತರಣೆ. ಅತಿಥಿಯಾಗಿ ಬಂದವರು ಪರಿಸರ ಇಲಾಖೆಯ ಅಧಿಕಾರಿ. ಅವರ ಹೆಸರು ಕೇಳಿದೊಡನೆ ಅವಳ ಮೈ ಉರಿಯಿತು. ಕಾರ್ಖಾನೆಯ ನೋಟಿಸಿನ ಕೆಳಗಿದ್ದದ್ದು ಅದೇ ಹೆಸರು! ಒಂದು ದಿನವೂ ಒಳಗೆ ಕಾಲಿಡದೆ ಬರೆದ ನೋಟಿಸು.

ಅತ್ಯುತ್ತಮ ಭಾಷಣಕಾರ... ಇನ್ಯಾರು, ಸಾಹುಕಾರ! ಗೆದ್ದವನಿಗೆ ಎರಡು ನಿಮಿಷ ಮಾತಾಡುವ ಅವಕಾಶ.

ಅವನು ಮೈಕ್ ಹಿಡಿದು ಅವಳತ್ತ ನೋಡಿದ. "ನನ್ನ ಎರಡು ನಿಮಿಷವನ್ನ ಅವರಿಗೆ ಬಿಟ್ಟುಕೊಡ್ತೀನಿ."

ಎಲ್ಲರೂ ತಿರುಗಿದರು. ಅವಳು ಎದ್ದು ನಿಂತಳು.

"ದಾನ ಬೇಡ. ನನ್ನ ಮಾತು ನಾನು ನಿನ್ನೆಯೇ ಹೇಳಿಯಾಯ್ತು. ಇವತ್ತು ನೀವು ಹೇಳಿ. ನಿಮ್ಮದನ್ನ."

ಮಾತಿನ ಮಲ್ಲನ ನಾಲಿಗೆ ತಡವರಿಸಿತು.

"ನಾನು... ಇವತ್ತು ಬೆಳಿಗ್ಗೆ ಇವರಮ್ಮ ಕೆಲಸ ಮಾಡೋ ಬಣ್ಣದ ಕಾರ್ಖಾನೆ ಹತ್ರ ಹೋಗಿದ್ದೆ. ಒಳಗೆ ಹೋಗೋರ ಕೈ ನೋಡಿದೆ... ಹಿಂದಿರೋ ಹೊಳೆನೂ ನೋಡಿದೆ. ಎರಡೂ... ಎರಡನ್ನೂ ಉಳಿಸ್ಬೇಕು. ಅವರ ಠರಾವಲ್ಲಿ ಇದ್ದದ್ದು ಅದೇ. ನೋಡದೇನೇ ಮಾತಾಡಿ ನಾನು ಈ ಕಪ್ ಗೆದ್ದೆ." ಅವನು ಅತಿಥಿಯತ್ತ ತಿರುಗಿದ. "ಸರ್, ಅಲ್ಲಿ ಬಾಗಿಲಿಗೆ ಅಂಟಿಸಿರೋ ನೋಟಿಸಲ್ಲಿ ನಿಮ್ಮ ಸಹಿ ಇದೆ. ನೀವು ಅಲ್ಲಿಗೆ ಹೋಗಿ ನೋಡಿದೀರಾ?"

ಅಧಿಕಾರಿಯ ನಗು ಮುಖದಲ್ಲೇ ಒಣಗಿತು. ಗಂಟಲು ಸರಿಪಡಿಸಿಕೊಂಡು, "ಗುರುವಾರ ಬಂದು ನೋಡ್ತೀನಿ. ಮುಚ್ಚಲ್ಲ ಅಂತ ಮಾತು ಕೊಡ್ತಿಲ್ಲ" ಎಂದರು.

"ಬನ್ನಿ ಸರ್!" ಅವಳು ನಿಂತಲ್ಲಿಂದಲೇ ಕೂಗಿದಳು. "ತೊಟ್ಟಿ ಪಕ್ಕ ನಿಂತು ನೋಡಿ!"

ಈ ಸಲ ಚಪ್ಪಾಳೆ ಹಿಂದಿನ ಸಾಲಿನಿಂದ ಶುರುವಾಯಿತು.

ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವನು ಕಾಯುತ್ತಿದ್ದ.

"ಭಾಷಣ ತುಂಬಾ ಕೆಟ್ಟದಾಗಿತ್ತು" ಎಂದಳು.

"ಗೊತ್ತು."

"ಕೋಪ ಪೂರ್ತಿ ಹೋಗಿಲ್ಲ."

"ಹೋಗೋದು ಬೇಡ. ನಿನ್ನೆ ನೀವು ಬೈತಾ ಇದ್ದಾಗ ಅನ್ನಿಸ್ತು... ಇಷ್ಟು ನಿಜವಾಗಿ ನನ್ನ ಹತ್ರ ಯಾರೂ ಮಾತಾಡಿಲ್ಲ ಅಂತ. ಜೀವನ ಪೂರ್ತಿ ನಿಮ್ಮ ಹತ್ರ ಬೈಸ್ಕೋಬೇಕು ಅನ್ನಿಸ್ತು. ಇದು ಯಾವ ದೇಶದ ನಿಲುವೂ ಅಲ್ಲ ರೀ. ನೀವಂದ್ರೆ ನನಗೆ ಇಷ್ಟ."

ಅವಳ ಕೆನ್ನೆ ಬಿಸಿಯಾಯಿತು. ಬೇಡವೆಂದರೂ ನಗು ಬಂತು.

"ಆರು ಗಂಟೆಗೆ ಅಮ್ಮ ಕೆಲಸ ಬಿಟ್ಟು ಬರ್ತಾರೆ. ಗೇಟ್ ಹತ್ರ ಹೋಗೋಣ್ವಾ?"

"ನಾನು ಯಾರು ಅಂತ ಹೇಳ್ತೀರಾ?"

"ಮುಚ್ಚಬೇಕು ಅಂದ ಪುಣ್ಯಾತ್ಮ ಇವನೇ ಅಂತ. ಉಳಿದದ್ದು ನೀನೇ ಹೇಳು."

'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತು.

"ಅವರ ಮುಂದೆ ಮತ್ತೆ ತಡವರಿಸ್ತೀನಿ..."

"ತಡವರಿಸು. ಪಕ್ಕದಲ್ಲಿ ನಾನಿರ್ತೀನಲ್ಲ."