ಒಂದಡಿ ಸುಳ್ಳು

"ಆ ಟ್ರಂಕು ಎಷ್ಟು ಉದ್ದ ಅದ?"

ಎಂಟು ತಿಂಗಳ ಮೇಲೆ ಗಂಡ ತನ್ನೊಡನೆ ಆಡಿದ ಮೊದಲ ಮಾತು ಇದು! ರಾಯಚೂರು ಬಸ್ ನಿಲ್ದಾಣದ ಗದ್ದಲದ ನಡುವೆ ಮಾನಮ್ಮ ಕಲ್ಲಿನಂತೆ ನಿಂತುಬಿಟ್ಟಳು.

ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟು ಕೊಳ್ಳಲೆಂದು ಅವಳು ಅಪ್ಪ ಪಕೀರಪ್ಪನ ಜೊತೆ ದೇವದುರ್ಗದಿಂದ ಬಂದಿದ್ದಳು. ವಾಪಸು ಹೋಗುವ ಬಸ್ಸು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಜನರ ನಡುವಿನಿಂದ ಗಂಡ ಸೂಗಪ್ಪ ಬಂದ. ಅಂಗಿಯ ತುಂಬ ಬೂದು ಬಣ್ಣದ ಕಲ್ಲುಪುಡಿ. ಮುಖ ಇಳಿದುಹೋಗಿತ್ತು.

ಅವನನ್ನು ಕಂಡದ್ದೇ ಅವಳು ಸೆರಗು ಸರಿಪಡಿಸಿಕೊಂಡಿದ್ದಳು. 'ಬಾ, ಮನಿಗಿ ಹೋಗೋಣು ಅಂತಾನೇನೋ... ಅಂದರೆ ನಾನು ಏನನ್ನಲಿ?'

ಅವನು ಕೇಳಿದ್ದು ಟ್ರಂಕಿನ ಅಳತೆ.

"ಯಾವ ಟ್ರಂಕು?"

"ಮದುವಿದು. ನಮ್ಮವ್ವ ಕೊಡಿಸಿದ್ದು. ಉದ್ದ, ಅಗಲ, ಎತ್ತರ... ಮೂರೂ ಬೇಕಾಗಿತ್ತು."

ಪಕೀರಪ್ಪ ಮಗಳ ತೋಳು ಹಿಡಿದು ಬಸ್ಸು ಹತ್ತಿಸಿದ. ಕಿಟಕಿಯಿಂದ ನೋಡಿದಾಗ ಸೂಗಪ್ಪ ಅಲ್ಲೇ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಬಸ್ಸು ಹೊರಟಿತು.

ದಾರಿಯಲ್ಲಿ ಅಪ್ಪನೇ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಿದ. ಅವರ ಮಂದಿಯಲ್ಲಿ ಸಂಬಂಧ ಕಡಿದುಕೊಳ್ಳುವ ಮುಂಚೆ ಎರಡೂ ಕಡೆಯ ಹಿರಿಯರು ಕೂತು, ಯಾರು ಏನು ಕೊಟ್ಟಿದ್ದರೆಂದು ಪಟ್ಟಿ ಹಿಡಿದು, ಸಾಮಾನು ಮರಳಿಸುವ ರೂಢಿ ಇತ್ತು. ಟ್ರಂಕು ಗಂಡಿನ ಕಡೆಯದು.

"ಪಟ್ಟಿ ಬರಿಯಾಕತ್ತಾನ ಅವ," ಎಂದ ಪಕೀರಪ್ಪ. "ಇನ್ನೇನು ಉಳದಾದ?"

ಮಾನಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಳು.

ಎಪ್ಪತ್ತೆಂಟನೇ ಇಸವಿಯಲ್ಲಿ ಅವಳು ಪೋತ್ನಾಳಕ್ಕೆ ಸೊಸೆಯಾಗಿ ಹೋದಾಗ ಆ ಮನೆಯಲ್ಲಿದ್ದದ್ದು ಒಂದೇ ಪಡಸಾಲೆ, ಒಂದು ಅಡುಗೆ ಮೂಲೆ. ಅತ್ತೆ ವೆಂಕಮ್ಮ, ಭಾವ, ನೆಗೆಣ್ಣಿ, ಅವರ ಮೂವರು ಮಕ್ಕಳು ಎಲ್ಲ ಅಲ್ಲೇ. ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದರೆ ಅದೇ ಹೊಸ ಜೋಡಿಯ ಕೋಣೆ. ಗಂಡ ಹೆಂಡತಿ ಒಂದು ಪೂರ್ತಿ ಮಾತನ್ನು ಇಬ್ಬರೇ ಆಡಿದ್ದಿಲ್ಲ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಸುಮ್ಮನಾಗಬೇಕು.

ಒಂದು ದಿನ ಧೈರ್ಯ ಮಾಡಿ ಅವನ ಕಿವಿಯಲ್ಲಿ ಹೇಳಿದಳು: "ನಿಮ್ಮನ್ನ ಬಿಟ್ಟು ಒಂದು ದಿನಾನೂ ಇರಾಕ ಆಗಂಗಿಲ್ಲ ನನಗ."

ಮರುದಿನ ಬೋರಿಂಗಿನ ಹತ್ತಿರ ನೆಗೆಣ್ಣಿ ಅದೇ ಮಾತನ್ನು ಅವಳದೇ ದನಿಯಲ್ಲಿ ಆಡಿ ತೋರಿಸಿದಳು. ಕೊಡ ಹಿಡಿದು ನಿಂತಿದ್ದ ಆರೇಳು ಹೆಂಗಸರು ಬಿದ್ದು ಬಿದ್ದು ನಕ್ಕರು.

ಅವತ್ತೇ ಟ್ರಂಕು, ಹೊಲಿಗೆ ಯಂತ್ರ ಬಸ್ಸಿನ ಮೇಲೆ ಹಾಕಿಸಿಕೊಂಡು ತವರಿಗೆ ಹೊರಟಳು ಮಾನಮ್ಮ. ಬಾಗಿಲು ಇರುವ ಕೋಣೆಯಾದ ದಿನ ಕರೆಯಲು ಬನ್ನಿ ಎಂದು ಗಂಡನಿಗೆ ಹೇಳಿ ಬಂದಳು.

ಸೂಗಪ್ಪ ಪ್ರಯತ್ನಪಡಲಿಲ್ಲ ಎನ್ನುವ ಹಾಗಿಲ್ಲ. ಮೊದಲ ಸಲ ಪಾಯ ತೋಡಿದಾಗ ಪಕ್ಕದ ಮನೆಯ ಹನುಮಂತ್ರಾಯ ಅಡ್ಡ ನಿಂತ. ಮನೆಯ ಮಗ್ಗುಲ ಆ ಜಾಗದಲ್ಲೇ ಅವನ ನೆಲ್ಲುಹುಲ್ಲಿನ ಬಂಡಿ ಬಣವೆಗೆ ಹೋಗಬೇಕು. ಎರಡನೇ ಸಲ ಊರ ಹಿರಿಯರು ಬಂದು, ಹುಲ್ಲು ಹೇರಿದ ಬಂಡಿಯನ್ನೇ ಓಡಿಸಿ ನೋಡಿ, ಗೂಟ ನೆಟ್ಟು ಹೋದರು. ಹಳೇ ಗೋಡೆಯಿಂದ ಆಚೆಗೆ ಏಳಡಿ. ಉದ್ದ ಹನ್ನೊಂದಡಿ. ಒಂದು ಬೆರಳು ಹೆಚ್ಚಿಗೆ ಬಂದರೂ ಕೆಡವಬೇಕು.

ಆ ಸುದ್ದಿ ದೇವದುರ್ಗ ಮುಟ್ಟಿದ ದಿನ ಮಾನಮ್ಮ ಪೆನ್ಸಿಲ್ಲು ಹಿಡಿದು ಕೂತಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವಳು. ಅಳತೆಯೆಂದರೆ ಅವಳಿಗೆ ಆಟವಲ್ಲ. ಅಲ್ಲಿನ ಕಲ್ಲು-ಮಣ್ಣಿನ ಗೋಡೆ ಎರಡಡಿ ದಪ್ಪ. ಹೊರಗಿನ ಎಪ್ಪತ್ತೇಳು ಚದರಡಿಯಲ್ಲಿ ಹೊಸ ಮೂರು ಗೋಡೆ ತಿಂದು ಉಳಿಯುವುದು ಐದಡಿಗೆ ಏಳಡಿ... ಮೂವತ್ತೈದು! ಮಂಚ ಹಾಕಿದರೆ ಟ್ರಂಕಿಗೆ ಜಾಗವಿಲ್ಲ. ಟ್ರಂಕು ಇಟ್ಟರೆ ಮನುಷ್ಯರು ನಿಲ್ಲಲು ಜಾಗವಿಲ್ಲ.

ಅವಳು ಕಾಗದ ಮಡಚಿಟ್ಟಳು. ಕೋಣೆಯ ಆಸೆಯನ್ನೂ. ಯುಗಾದಿ ಕಳೆದ ಎರಡನೇ ಸೋಮವಾರ ಪೋತ್ನಾಳದಲ್ಲಿ ಹಿರಿಯರನ್ನು ಕೂಡಿಸುತ್ತೇನೆ ಎಂದು ಅಪ್ಪ ಹೇಳಿದಾಗ ಬೇಡವೆನ್ನಲಿಲ್ಲ.

ಅದಾದ ಮೇಲೆ ಬಸ್ ನಿಲ್ದಾಣದ ಆ ಭೇಟಿ. ಭೇಟಿಯಾಗಿ ನಾಲ್ಕು ದಿನಕ್ಕೆ ಒಂದು ಕಾರ್ಡು.

ಟಪಾಲಿನ ಮೌನಪ್ಪ ಓಣಿಗೆಲ್ಲ ಕೇಳುವಂತೆ ಓದುತ್ತಲೇ ಬಂದ. ಕ್ಷೇಮ ಸಮಾಚಾರ ಒಂದು ಸಾಲು, ಉಳಿದದ್ದು ಟ್ರಂಕು. 'ತಪ್ಪದೆ ಬರೆದು ಕಳಿಸು' ಎಂಬುದರ ಕೆಳಗೆ ಎರಡು ಗೆರೆ.

ಮಾನಮ್ಮ ಟೇಪು ತಂದು ಅಳೆದಳು. ಎರಡೂವರೆ ಅಡಿ ಉದ್ದ. ಕಾರ್ಡು ಬರೆಯಲು ಕೂತಾಗ ಬೋರಿಂಗಿನ ಹತ್ತಿರದ ಆ ನಗು ಮತ್ತೆ ಕಿವಿಗೆ ಬಡಿಯಿತು. 'ಪಟ್ಟಿ ಹಿಡಿದು ನಾಲ್ಕು ಜನರ ಮುಂದೆ ನಿಂತಾಗ ಅವನ ಲೆಕ್ಕವೂ ತಪ್ಪಲಿ. ಅವನನ್ನು ನೋಡಿಯೂ ಜನ ನಗಲಿ...'

'ಮೂರೂವರೆ ಅಡಿ' ಎಂದು ಬರೆದಳು. ಜೀವನದಲ್ಲಿ ಅವಳು ಬೇಕೆಂದೇ ಬರೆದ ಮೊದಲ ತಪ್ಪು ಅಳತೆ.

ಎರಡನೇ ಕಾರ್ಡು ಹೊಲಿಗೆ ಯಂತ್ರದ ಅಗಲ ಕೇಳಿತು. ಅಪ್ಪ ಕೊಡಿಸಿದ ಯಂತ್ರದ ಮೇಲೂ ಕಣ್ಣೇ! ಅವಳು ಉತ್ತರವನ್ನೇ ಬರೆಯಲಿಲ್ಲ.

ಮೂರನೆಯದು ಬಂದದ್ದು ಶನಿವಾರ. ಹಿರಿಯರು ಕೂಡಲು ನಡುವೆ ಒಂದೇ ದಿನ ಉಳಿದಿತ್ತು. ಮೌನಪ್ಪ ಓದುತ್ತಾ ಓದುತ್ತಾ ತಾನೇ ನಿಂತ.

"ಇದೇನು ತಂಗೀ, ನಿನ್ನ ಗಂಡನ ತಲಿ ನೆಟ್ಟಗದ ಇಲ್ಲ? 'ನೀನು ನೆಲದ ಮೇಲೆ ನಿಂತು ಕೈ ಎತ್ತಿದರೆ ಬೆರಳ ತುದಿ ಎಷ್ಟು ಎತ್ತರಕ್ಕೆ ಬರುತ್ತದೆ' ಅಂತ ಕೇಳ್ಯಾನ."

ಮಾನಮ್ಮ ಕಾರ್ಡು ಕಸಿದುಕೊಂಡು ಮತ್ತೆ ಮತ್ತೆ ಓದಿದಳು. ಟ್ರಂಕು ಮರಳಿಸಬಹುದು, ಯಂತ್ರ ಮರಳಿಸಬಹುದು. ಎತ್ತಿದ ಕೈಯನ್ನು ಯಾವ ಪಟ್ಟಿಯಲ್ಲಿ ಬರೆಯುತ್ತಾರೆ?



ಭಾನುವಾರ ಬೆಳಗಿನ ಮೊದಲ ಬಸ್ಸಿಗೆ, ಅಪ್ಪನಿಗೂ ಸರಿಯಾಗಿ ಹೇಳದೆ ಹೊರಟಳು. ಮಾನ್ವಿಯಲ್ಲಿ ಬಸ್ಸು ಬದಲಿಸಿ ಪೋತ್ನಾಳದಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು.

ದೂರದಿಂದಲೇ ಕಂಡಿತು. ಮನೆಯ ಮಗ್ಗುಲಿಗೆ, ಹಿರಿಯರು ನೆಟ್ಟ ಗೂಟಗಳ ಒಳಗೆ, ಏನೋ ಎದ್ದು ನಿಂತಿತ್ತು. ಅದಕ್ಕೆ ಗೋಡೆಯೇ ಇಲ್ಲವೇನೋ ಅನ್ನಿಸುವಷ್ಟು ತೆಳುವು. ಮೂಲೆಗಳಲ್ಲಿ ಕಲ್ಲುಕಂಬ; ಕಂಬಗಳ ನಡುವೆ ನಿಲ್ಲಿಸಿದ ಶಹಾಬಾದಿನ ಹಾಸುಗಲ್ಲು. ಚಾವಣಿಯ ಭಾರವೆಲ್ಲ ಕಂಬಕ್ಕೂ ಹಳೇ ಗೋಡೆಗೂ. ಹಾಸುಗಲ್ಲು ಬರೀ ಮರೆ. ದಪ್ಪ ಎರಡೇ ಇಂಚು! ನಡೆಯುತ್ತಲೇ ಅವಳ ತಲೆ ಲೆಕ್ಕ ಹಾಕಿತು. ಒಳಗೆ ಎಪ್ಪತ್ತೆರಡು ಚದರಡಿಗೂ ಮಿಕ್ಕಿ. ಮೂವತ್ತೈದು ಎಲ್ಲಿ, ಎಪ್ಪತ್ತೆರಡು ಎಲ್ಲಿ...

ಅವನ ಅಂಗಿಯ ಮೇಲಿನ ಕಲ್ಲುಪುಡಿಗೆ ಈಗ ಅರ್ಥ ಹುಟ್ಟಿತು.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ವೆಂಕಮ್ಮ ತಲೆ ಎತ್ತಿದಳು. "ಬಂದೇನು? ರಾಯಚೂರಾಗ ಕಲ್ಲಿನ ಅಡ್ಡೆದಾಗ ಕೂಲಿ ಮಾಡಿ, ಕೂಲಿ ಬದ್ಲಿ ಕಲ್ಲು ತಂದಾನ ನನ್ನ ಮಗ. ಎಂಟು ತಿಂಗಳ ಮ್ಯಾಲ ಬಂದಿ, ನೋಡು ಹೋಗು, ಏನಾಗ್ಯಾದ ಅಂತ."

ಆ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಮಾನಮ್ಮ ಪಡಸಾಲೆ ದಾಟಿ ಹೊಸ ಕೋಣೆಯ ಬಾಗಿಲವರೆಗೆ ಹೋಗಿ ನಿಂತಳು.

ಒಳಗೆ ಗಾರೆಯ ಖಾಸಿಂ ಸಾಬ್ ಹಳೇ ಗೋಡೆಯತ್ತ ಕೈ ಮಾಡಿ ಮಾತಾಡುತ್ತಿದ್ದ. ಎರಡಡಿ ದಪ್ಪದ ಆ ಗೋಡೆಯ ಹೊಟ್ಟೆಯನ್ನೇ ಕೊರೆದು, ಒಂದು ದೊಡ್ಡ ಗೂಡು ಮಾಡಿದ್ದರು. ಗೂಡಿನ ತಲೆಗೆ ಅಡ್ಡಗಲ್ಲು. ಅದರ ಎಡತುದಿಗೆ, ಸರಿಯಾಗಿ ತೊಲೆಯ ಕೆಳಗೆ, ಒಂದು ಬಿರುಕು.

ನೆಲ ಉಳಿಸಲು ಟ್ರಂಕನ್ನು ಗೋಡೆಯೊಳಗೇ ಇಡಲು ಹೊರಟಿದ್ದ ಸೂಗಪ್ಪ. ಅದಕ್ಕೇ ಆ ಅಳತೆ.

"ಇಷ್ಟು ಅಗಲ ಈ ಗ್ವಾಡಿ ತಾಳಂಗಿಲ್ಲ ಸೂಗಪ್ಪ. ಇಡೀ ಗೂಡು ಮುಚ್ಚಬೇಕು, ಇಲ್ಲಂದ್ರ ತೊಲಿ ಕೆಳಗ ಬರ್ತದ," ಎಂದ ಖಾಸಿಂ ಸಾಬ್. ಒಂದಡಿ ಕಡಿಮೆ ಇದ್ದರೆ ಸಾಕಾಗಿತ್ತು, ಟ್ರಂಕು ನಿಜಕ್ಕೂ ಅಷ್ಟು ಉದ್ದವೇ, ಇನ್ನೊಮ್ಮೆ ಕೇಳಿ ನೋಡು ಎಂದೂ ಹೇಳಿದ.

ಸೂಗಪ್ಪ ಬೆನ್ನು ಹಾಕಿ ಕೂತಿದ್ದ. "ಕೇಳೋದೇನದ ಸಾಬ್? ಅಕಿನ ಬರದು ಕಳಿಸ್ಯಾಳ, ಮೂರೂವರಿ. ಅಕಿ ಅಳತಿ ಎಂದೂ ತಪ್ಪಂಗಿಲ್ಲ."

ಮಾನಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬೈದಿದ್ದರೆ ಸಹಿಸಬಹುದಿತ್ತು. ಈ ನಂಬಿಕೆಯನ್ನು ಹೇಗೆ ಸಹಿಸುವುದು? ಸುಮ್ಮನೆ ತಿರುಗಿ ಹೋದರೆ ಯಾರಿಗೂ ತಿಳಿಯುವುದಿಲ್ಲ. ಗೂಡು ಮುಚ್ಚುತ್ತಾರೆ. ಕೋಣೆ ಮುಗಿಯುವುದಿಲ್ಲ. ನಾಳೆ ಹಿರಿಯರು ಬರುತ್ತಾರೆ...

"ಎರಡೂವರಿ ಅದ."

ಇಬ್ಬರೂ ತಿರುಗಿದರು.

"ಟ್ರಂಕು ಎರಡೂವರಿ ಅಡಿ. ನಾನು ತಪ್ಪು ಬರದೆ."

ಸೂಗಪ್ಪ ನಿಧಾನಕ್ಕೆ ಎದ್ದು ನಿಂತ. "ಬೇಕಂತನ?"

"ಬೇಕಂತನ. ನೀವು ಸಂಬಂಧ ಹರಿಯಾಕ ಪಟ್ಟಿ ಮಾಡಾಕತ್ತೀರಿ ಅಂದುಕೊಂಡೆ. ಮಂದಿ ಮುಂದ ನಿಮ್ಮ ಲೆಕ್ಕ ತಪ್ಪಲಿ ಅಂತ..."

ಅವನು ಅವಳನ್ನು ನೋಡಲಿಲ್ಲ. ಬಿರುಕನ್ನು ನೋಡಿದ. ಆಮೇಲೆ ಅವಳ ಪಕ್ಕದಿಂದಲೇ ದಾಟಿ ಹೊರಗೆ ಹೋದ.

'ಮುಗಿಯಿತು,' ಎಂದುಕೊಂಡಳು ಮಾನಮ್ಮ. ಎಂಟು ತಿಂಗಳು ಒಂದು ಕೋಣೆಗಾಗಿ ಕಾದವಳು, ಅದನ್ನು ತಾನೇ ಒಂದು ಸಾಲಿನಲ್ಲಿ ಒಡೆದಿದ್ದಳು. ಖಾಸಿಂ ಸಾಬ್ ಕರಣೆ ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದ.

ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸಪ್ಪಳ. ಸೂಗಪ್ಪ ಕಲಸಿದ ಮಣ್ಣಿನ ಬುಟ್ಟಿಯನ್ನು ಅವಳ ಕಾಲ ಹತ್ತಿರ ಇಳಿಸಿ, ಒಂದು ಇದ್ದಿಲ ತುಂಡನ್ನು ಮುಂದೆ ಹಿಡಿದ.

"ಆ ಒಂದಡಿ ಎಲ್ಲಿಂದ ಎಲ್ಲಿಗಿ? ನೀನ ಗೆರಿ ಹಾಕು."

ಅವಳು ಎಳೆದ ಗೆರೆ ನೆಟ್ಟಗೆ ಬಂತು. ಗೂಡಿನ ಎಡಕ್ಕೆ, ತೊಲೆಯ ಕೆಳಗೇ, ಒಂದಡಿ. ಖಾಸಿಂ ಸಾಬ್ ಬಂದು ನೋಡಿ ತಲೆಯಾಡಿಸಿದ. ಅಲ್ಲಿಂದ ಮೇಲಕ್ಕೆ ಕಲ್ಲು ಕಟ್ಟಿ ಅಡ್ಡಗಲ್ಲಿಗೆ ಆನಿಕೆ ಕೊಟ್ಟರೆ ಭಾರವೆಲ್ಲ ಅದರ ಮೇಲೆ ನಿಲ್ಲುತ್ತದೆ, ಗೂಡಿನ ಉಳಿದ ಭಾಗ ಹಾಗೇ ಇರಬಹುದು ಎಂದ. ಸೂಗಪ್ಪ ಕಲ್ಲು ತಂದ, ಮಾನಮ್ಮ ಸೆರಗು ಸಿಗಿಸಿ ಮಣ್ಣು ಕೊಟ್ಟಳು. ವೆಂಕಮ್ಮ ಯಾರೂ ಕೇಳದೆಯೇ ನೀರು ತಂದಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಲ್ಲು ಅಡ್ಡಗಲ್ಲನ್ನು ಬಿಗಿಯಾಗಿ ಕಚ್ಚಿ ಕೂತಿತು. ಸುತ್ತಿಗೆಯಿಂದ ತಟ್ಟಿ ನೋಡಿದ ಖಾಸಿಂ ಸಾಬ್, ಪಡುವಣ ಹಾಸುಗಲ್ಲಿಗೆ ಸುಣ್ಣ ದಪ್ಪಗೆ ಹೊಡೆಯಿರಿ, ಇಲ್ಲವಾದರೆ ಬೇಸಿಗೆಯಲ್ಲಿ ಬೇಯುತ್ತೀರಿ ಎಂದು ನಕ್ಕು ಹೊರಟ.

ಕೋಣೆಯಲ್ಲಿ ಇಬ್ಬರೇ ಉಳಿದರು.

ಸೂಗಪ್ಪ ಬಾಗಿಲ ಎರಡು ಕದಗಳನ್ನು ಮುಂದಕ್ಕೆ ಎಳೆದ. ತೆರೆದಾಗ ಅವು ಹಳೇ ಗೋಡೆಯ ದಪ್ಪದೊಳಗೇ ಅಡಗಿ ಕೂರುವಂತೆ ಮಾಡಿಸಿದ್ದ. ಒಂದಿಂಚು ನೆಲವೂ ಹಾಳಾಗಿರಲಿಲ್ಲ. ಚಿಲಕ ಬಿತ್ತು. ಆ ಸಪ್ಪಳಕ್ಕೆ ಇಬ್ಬರೂ ಬೆಚ್ಚಿದರು.

"ಬಸ್ ಸ್ಟ್ಯಾಂಡಿನಾಗ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ?" ಕೊನೆಗೂ ಕೇಳಿದಳು.

"ಎರಡು ಸಲ ಕೋಣಿ ಅಂದೆ, ಎರಡು ಸಲ ಸುಳ್ಳಾದೆ. ಮ್ಯಾಲ ಮಾಳಿಗಿ ಹಾಕಿ ಮುಗಿಸೋತನ ಬಾಯಿ ಬಿಡಬಾರದು ಅಂತ ಇದ್ದೆ." ಆಮೇಲೆ ಸೇರಿಸಿದ, "ಕಾರ್ಡಿನಾಗ ಬರಿಯೋಣ ಅಂದ್ರ ಓಣಿ ಎಲ್ಲ ಓದ್ತದ. ನಿನಗೊಬ್ಬಾಕಿಗೇ ಹೇಳೋದು ಅದರಾಗ ಹೆಂಗ ಬರೀಲಿ?"

"ಮತ್ತ ಕೈ ಎತ್ತಿದ್ರ ಎಷ್ಟು ಎತ್ತರ ಅಂತ?"

"ಹಲಗಿ ಕೂಡಸಬೇಕು, ನಿನ್ನ ಬಟ್ಟಿ, ದಾರ ಎಲ್ಲ ಇಡಾಕ. ನಿನಗ ಎಟಕೋ ಅಷ್ಟ ಮ್ಯಾಲ ಹಾಕಬೇಕು. ಸ್ಟೂಲು ಇಡಾಕ ಇಲ್ಲಿ ಜಾಗ ಇಲ್ಲ."

ಮಾನಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಿದಳು. ಅವನು ಹತ್ತಿರ ಬಂದು ಅವಳ ಬೆರಳ ತುದಿಯ ಮೇಲೆ ಇದ್ದಿಲಿನಿಂದ ಗುರುತು ಹಾಕಿದ. ಹಾಕಿದ ಮೇಲೂ ಕೈ ತೆಗೆಯಲಿಲ್ಲ. ಅವಳೂ ಇಳಿಸಲಿಲ್ಲ.

"ನನ್ನ ಮ್ಯಾಲ ಸಿಟ್ಟಿಲ್ಲೇನು?"

"ಅದ," ಎಂದ ಅವನು. "ಇನ್ನ ಎರಡು ದಿನ ಇರ್ತದ. ನೀ ಇಲ್ಲೇ ಇದ್ದು ನೋಡು."

ಅವಳು ಅಳುತ್ತಲೇ ನಕ್ಕಳು. "ನಾಳಿ ನಮ್ಮಪ್ಪ, ಹಿರಿಯಾರು ಎಲ್ಲಾರೂ ಬರ್ತಾರ. ಏನಂತ ಹೇಳ್ತೀರಿ?"

"ಬರ್ರಿ, ಪಡಸಾಲಿಯಾಗ ಕುಂದರ್ರಿ, ಚಾ ಕುಡೀರಿ ಅಂತೀನಿ. ಒಳಗ ಮಾತ್ರ ಇಬ್ಬರಿಗೇ ಜಾಗ ಅದ."