ಸೀಟಿನ ಕೆಳಗಿನ ಎಂಜಿನ್

ವ್ಯಾನಿನ ಮುಂಭಾಗದ ಪುಟ್ಟ ಮುಚ್ಚಳ ಎತ್ತಿ, ಒಳಗಿದ್ದ ನೀರಿನ ಡಬ್ಬಿಯನ್ನು ದಿಟ್ಟಿಸಿ ನೋಡಿ, ಅವನು ಬಹಳ ತಿಳಿದವನ ಹಾಗೆ ತಲೆಯಾಡಿಸಿದ.

"ಎಂಜಿನ್ ತುಂಬಾ ಕ್ಲೀನಾಗಿದೆ ಅಲ್ವಾ?"

"ಹೌದು ಸಾರ್, ಹೊಚ್ಚ ಹೊಸದರ ಥರ ಇದೆ," ಎಂದ ವ್ಯಾಪಾರಿ ಪ್ಯೋ ಅಣ್ಣ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಎರಡು ಗಾಡಿ ಆಚೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಬಂದರು ಊರು ಇಂಚನ್‌ನ ಹಳೇ ಕಾರುಗಳ ಸಂತೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಎಂತೆಂಥ ಗಿರಾಕಿಗಳನ್ನೋ ನೋಡಿದ್ದೇನೆ. ಗಾಜು ಒರೆಸುವ ನೀರಿಗೆ ಇಷ್ಟು ಮರ್ಯಾದೆ ಕೊಟ್ಟವನನ್ನು ಮಾತ್ರ ನೋಡಿರಲಿಲ್ಲ.

"ಸಾರ್, ಅದು ನೀರಿನ ಡಬ್ಬಿ," ಎಂದೆ.

ಅವನು ತಿರುಗಿದ. ಮೂವತ್ತೈದರ ಆಸುಪಾಸು, ತೋಳಿನ ಮೇಲೆ ಅಕ್ಕಿಹಿಟ್ಟಿನ ಬಿಳಿ. "ಹಾಗಾದ್ರೆ ಎಂಜಿನ್ ಎಲ್ಲಿದೆ?"

"ಆಗಲೇ ಅದರ ಮೇಲೆ ಕೂತು ಎದ್ದು ಬಂದ್ರಲ್ಲ. ಇಂಥ ವ್ಯಾನಿಗೆ ಎಂಜಿನ್ ಸೀಟಿನ ಕೆಳಗೇ ಇರುತ್ತೆ."

ಅವನ ಕಿವಿಗಳೆರಡೂ ನಿಧಾನವಾಗಿ ಕೆಂಪಾದವು. ಬೇರೆ ಯಾರಾದರೂ ಆಗಿದ್ದರೆ ಸಿಡುಕುತ್ತಿದ್ದರು. ಇವನು ಸೀಟನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ನಕ್ಕ. ಆ ನಗು ನೋಡಿದ್ದೇ ನನ್ನ ತಪ್ಪು.

ಅವನ ಹೆಸರು ಡೋ ಯುನ್‌ಸಿಕ್. ಅಮ್ಮನ ಜೊತೆ ಅಕ್ಕಿ ಕಡುಬಿನ ಅಂಗಡಿ ನಡೆಸುತ್ತಿದ್ದ. ಮನೆಮನೆಗೆ ಕಡುಬು ಮುಟ್ಟಿಸಲು ಅವನಿಗೆ ವ್ಯಾನು ಬೇಕಿತ್ತು. ನನ್ನ ಕೆಲಸವೇ ಅಂಥವರ ಜೊತೆ ಹೋಗಿ ಎಂಜಿನ್ ನೋಡಿ, ಕೊಳ್ಳಿ ಅಥವಾ ಬೇಡ ಎಂದು ಹೇಳುವುದು. ಸಂತೆಯ ಹಿಂದೆ ನನ್ನದೊಂದು ಸಣ್ಣ ಗ್ಯಾರೇಜೂ ಇದೆ. ಬಾಂಗ್ ರಾನ್‌ಹಿ ಅನ್ನುವವಳು, ಅಂದರೆ ನಾನು, ಚೆನ್ನಾಗಿದೆ ಅಂದರೆ ಆ ಎಂಜಿನ್ ಚೆನ್ನಾಗಿದೆ ಎಂದು ಅರ್ಥ, ಅಷ್ಟೇ. ಈ ಊರಲ್ಲಿ ಆ ಮಾತು ಬಿಟ್ಟರೆ ನನಗೆ ಬೇರೆ ಆಸ್ತಿ ಇಲ್ಲ.

ನಾನು ಮೂರು ಕೆಲಸ ಮಾಡುತ್ತೇನೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸುತ್ತೇನೆ. ಅಳತೆಯ ಕಡ್ಡಿ ಎಳೆದು ಎಣ್ಣೆ ನೋಡುತ್ತೇನೆ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ ಮೇಲಿಟ್ಟು, ಹಿಡಿಗೆ ಕಿವಿಯೊತ್ತಿ ಒಳಗಿನ ಸದ್ದು ಕೇಳುತ್ತೇನೆ. ಅದೇ ಮುಖ್ಯ. ಅಂದು ನಾನು ಸೀಟೆತ್ತಿ ಬಗ್ಗಿ ಕಿವಿಯೊತ್ತಿದಾಗ, ಆಚೆ ಬಾಗಿಲಿನಿಂದ ಅವನೂ ಬಗ್ಗಿದ. ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು.

"ಏನಂತೆ?" ಎಂದು ಪಿಸುಗುಟ್ಟಿದ, ರೋಗಿಯನ್ನು ಎಬ್ಬಿಸಬಾರದು ಅನ್ನುವ ಹಾಗೆ.

ಆಗ ನನ್ನ ಕಿವಿಗೆ ಏನು ಕೇಳಿಸಿತೋ ಇಂದಿಗೂ ನೆನಪಿಲ್ಲ. ಅವನ ರೆಪ್ಪೆಯ ಮೇಲೂ ಚೂರು ಹಿಟ್ಟು ಇದ್ದದ್ದು ಮಾತ್ರ ನೆನಪಿದೆ.

"ಚೆನ್ನಾಗಿದೆ. ತಗೊಳ್ಳಿ," ಎಂದುಬಿಟ್ಟೆ.

ನನ್ನದೊಂದು ಹಟ ಇದೆ. ನನ್ನ ಗಿರಾಕಿ ಎಂಜಿನ್ ಬಿಚ್ಚಿ ಜೋಡಿಸಬೇಕಿಲ್ಲ, ಆದರೆ ಐದು ವಿಷಯ ಕಲಿತೇ ಹೋಗಬೇಕು. ಎಣ್ಣೆ, ನೀರು, ಬೆಲ್ಟು, ಸದ್ದು, ವಾಸನೆ. ಸಾಮಾನ್ಯವಾಗಿ ಇದಕ್ಕೆ ಅರ್ಧ ಗಂಟೆ ಸಾಕು. ಯುನ್‌ಸಿಕ್‌ಗೆ ನಾನು ಐದು ಶನಿವಾರ ತೆಗೆದುಕೊಂಡೆ. ಎಣ್ಣೆಗೇ ಒಂದು ಇಡೀ ಮಧ್ಯಾಹ್ನ ಕಳೆಯಿತು. ಅವನು ಪ್ರತಿ ವಾರ ಬಿಸಿ ಕಡುಬು ತರುತ್ತಿದ್ದ. ನನ್ನ ಕೈಗೆ ಮಸಿಯಾಗಿದೆ ಎಂದು ತಾನೇ ತುಂಡು ಮಾಡಿ ಕೊಡುತ್ತಿದ್ದ. ಕೈ ತೊಳೆದುಕೊಂಡು ಬರಬಹುದಿತ್ತು, ನಾನು ಹೋಗಲಿಲ್ಲ.

ನಾಲ್ಕನೇ ವಾರ ಅವನ ಅಮ್ಮನೇ ಗ್ಯಾರೇಜಿಗೆ ಬಂದರು, ಮಗನಿಗೆ ಪಾಠ ಹೇಳುವವಳು ಯಾರೆಂದು ನೋಡಲು. ಗಟ್ಟಿ ದನಿಯ ಗುಂಡನೆಯ ಹೆಂಗಸು.

"ಕಡುಬು ಮಾರೋನಿಗೆ ಎಂಜಿನ್ ಯಾಕಮ್ಮಾ? ಪೆಟ್ರೋಲ್ ಹಾಕೋ ತೂತು ಎಲ್ಲಿದೆ ಅಂತ ತೋರ್ಸು, ಸಾಕು. ನಮ್ಮ ಯಜಮಾನ್ರ ಜೊತೆ ನಲವತ್ತು ವರ್ಷ ಬಾಳ್ವೆ ಮಾಡಿದೀನಿ. ಒಂದಿನಾನಾದ್ರೂ ಅವರ ಹೊಟ್ಟೆ ಬಿಚ್ಚಿ ಒಳಗೇನಿದೆ ಅಂತ ನೋಡಿದೀನಾ?"

"ಉಸಿರಾಟ ಸರಿಯಾಗಿದೆಯಾ ಅಂತ ಕೇಳಿಸ್ಕೊಂಡಿರ್ತೀರಲ್ಲ, ಅಮ್ಮ."

"ಗೊರಕೆ ಕೇಳಿದೀನಿ."

"ನಾನು ಹೇಳಿಕೊಡೋದೂ ಅಷ್ಟೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾಯಿ ಜೋರಿದೆ," ಎಂದು ಮಗನಿಗೆ ಹೇಳಿ, ನನಗೆ ಇನ್ನೊಂದು ಕಡುಬು ಕೊಟ್ಟು ಹೋದರು.

ಐದನೇ ಶನಿವಾರ ಪಾಠ ಮುಗಿಯಿತು. ಇನ್ನೇನು ಹೇಳಿಕೊಡಲಿ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಪ್ರತಿ ಸೋಮವಾರ ಸೀಟೆತ್ತಿ ಎಣ್ಣೆ ನೋಡಿ," ಎಂದೆ.

"ನೋಡಿ ತಿಳಿಸ್ತೀನಿ ಮೇಡಂ," ಎಂದ. ನಡು ಬಗ್ಗಿಸಿ ನಮಸ್ಕರಿಸಿ ಹೊರಟುಹೋದ. ಪೆದ್ದ ಎಂದು ಬೈದುಕೊಂಡೆ. ಅವನನ್ನೋ ನನ್ನನ್ನೋ ತಿಳಿಯಲಿಲ್ಲ.

ಆಮೇಲೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನಿಗೆ ಒಂದು ಮೆಸೇಜ್ ಬರುತ್ತಿತ್ತು. "ಎಣ್ಣೆ ಸರಿಯಾಗಿದೆ ಮೇಡಂ." ಅಷ್ಟೇ. ಆ ಮೂರು ಪದವನ್ನು ನಾನು ವಾರವಿಡೀ ತಿರುತಿರುಗಿ ಓದುತ್ತಿದ್ದೆ. ಹೀಗೆ ಮೂರು ಸೋಮವಾರ ಕಳೆದವು. ನಾಲ್ಕನೆಯದರ ಮುಂಚಿನ ಶನಿವಾರ ಬೆಳಿಗ್ಗೆ ಫೋನೇ ಬಂತು.

"ಮೇಡಂ, ಗಾಡಿಯಿಂದ ಸುಟ್ಟ ವಾಸನೆ ಬರ್ತಿದೆ. ಸ್ವಲ್ಪ ಹೊಗೆನೂ ಇದೆ. ಗಿರಾಕಿ ಮನೇಲಿ ಮಗುಗೆ ನೂರು ದಿನ ತುಂಬಿದ ಹಬ್ಬ, ಅದರ ಕಡುಬು ಇದೆ, ಹನ್ನೆರಡರೊಳಗೆ ಮುಟ್ಟಿಸ್ಬೇಕು."

ಎಲ್ಲಿದ್ದಾನೆಂದು ಕೇಳಿಕೊಂಡು ಹೊರಟೆ. ಸ್ಕೂಟರ್ ಓಡಿಸುತ್ತ ದಾರಿಯುದ್ದಕ್ಕೂ ಒಂದೇ ಯೋಚನೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಎಂಜಿನ್ ಕೇಳಿಸಿಕೊಳ್ಳದೆ ಚೆನ್ನಾಗಿದೆ ಅಂದಿದ್ದೆ, ಅದೂ ಇವನದೇ. ಪ್ಯೋ ಅಣ್ಣನಂಥವರು ಸುಳ್ಳು ಹೇಳಿ ಮಾರಿದರೆ ನಾನು ಜಗಳಕ್ಕೆ ಹೋಗುತ್ತೇನೆ. ನಾನು ಮಾಡಿದ್ದು ಮಾತ್ರ ಏನು? ಇವನಿಗೆ ಇದು ಗೊತ್ತಾದರೆ ಮತ್ತೆ ನನ್ನ ಮುಖ ನೋಡುತ್ತಾನೆಯೇ?

ಅವನು ಬಂದರು ರಸ್ತೆಯ ಬದಿಯಲ್ಲಿ ವ್ಯಾನು ನಿಲ್ಲಿಸಿಕೊಂಡು ನಿಂತಿದ್ದ. ಒಳಗೆ ನೂರು ಪೊಟ್ಟಣ ಬಿಳಿ ಕಡುಬು ಇನ್ನೂ ಬೆಚ್ಚಗಿತ್ತು. ಅದರ ಸುವಾಸನೆಯ ನಡುವೆ ಕೂದಲು ಸುಟ್ಟಂಥ ಕಮಟು. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. ನಾನು ಅವನ ಕಡೆ ನೋಡದೆ ನೇರ ವ್ಯಾನಿನ ಬಾಗಿಲು ತೆರೆದೆ.

ಸೀಟಿನ ಕೊಂಡಿಗೆ ಕೈಹಾಕಿದೆ. ಎತ್ತಲಿಲ್ಲ.

"ತೆರೆಯೋ ಮುಂಚೆ ಒಂದು ಮಾತು ಹೇಳ್ಬೇಕು," ಎಂದೆ. "ತೆರೆದ ಮೇಲೆ ಹೇಳಿದ್ರೆ ಬರೀ ನೆಪ ಅನ್ಸುತ್ತೆ. ಅವತ್ತು ನಾನು ನಿಮ್ಮ ಎಂಜಿನ್ ಸರಿಯಾಗಿ ನೋಡ್ಲಿಲ್ಲ."

"ಕಿವಿ ಇಟ್ಟು ಕೇಳಿದ್ರಲ್ಲ ಮೇಡಂ?"

"ಕಿವಿ ಇಟ್ಟಿದ್ದೆ. ಕೇಳ್ಲಿಲ್ಲ. ನಿಮ್ಮನ್ನ ನೋಡ್ತಿದ್ದೆ."

ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು. ನಾನು ನೆಲ ನೋಡಿಕೊಂಡು ಉಳಿದದ್ದನ್ನೂ ಹೇಳಿ ಮುಗಿಸಿದೆ. "ನೀವು ನನಗೆ ಇಷ್ಟವಾದ್ರಿ. ಅದು ನಿಮ್ಮ ತಪ್ಪಲ್ಲ. ಎಂಜಿನ್ ಹೋಗಿದ್ರೆ ಬೇರೆದನ್ನ ನಾನೇ ಕೂರಿಸಿ ಕೊಡ್ತೀನಿ. ಆಮೇಲೆ ನನ್ನ ಮುಖ ನೋಡೋದು ಬೇಡ ಅನ್ಸಿದ್ರೆ ಬೇಡ."

ಅವನು ಉತ್ತರ ಕೊಡುವ ಮುಂಚೆಯೇ ಸೀಟೆತ್ತಿಬಿಟ್ಟೆ. ಉತ್ತರ ಕೇಳುವಷ್ಟು ಧೈರ್ಯ ಇರಲಿಲ್ಲ.

ಎಂಜಿನ್ ಮೇಲೆ ಒಂದು ಒಣಮೀನು ಮಲಗಿತ್ತು.

ಮೊಳದುದ್ದದ್ದು, ತಲೆ ಸಮೇತ. ಹೊಟ್ಟೆಗೆ ಸುತ್ತಿದ್ದ ಬಿಳಿ ನೂಲು ಅರ್ಧ ಕರಕಲಾಗಿತ್ತು, ಬಾಲದ ತುದಿಯಿಂದ ಹೊಗೆಯಾಡುತ್ತಿತ್ತು. ಬಾಯಿ ತೆರೆದುಕೊಂಡು ನಮ್ಮಿಬ್ಬರನ್ನೇ ನೋಡುತ್ತಿತ್ತು.

ಹೊಸ ಗಾಡಿ ಮನೆಗೆ ಬಂದರೆ ಪೂಜೆ ಮಾಡಿ, ಚಕ್ರಗಳಿಗೆ ಅಕ್ಕಿ ಮದ್ಯ ಸುರಿದು, ನೂಲು ಸುತ್ತಿದ ಒಣಮೀನನ್ನು ಕಾವಲಿಗೆ ಇಡದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಎಲ್ಲರೂ ಇಡುವುದು ಹಿಂದಿನ ಡಿಕ್ಕಿಯಲ್ಲಿ. ಯುನ್‌ಸಿಕ್ ಅಲ್ಲೇ ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಅಮ್ಮಾ, ಪೂಜೆ ಮೀನು ಎಲ್ಲಿಟ್ಟೆ?"

"ಎಂಜಿನ್ ಮೇಲೆ! ಸೀಟಿನ ಕೆಳಗಿದೆ ಅಂತ ನೀನೇ ಅಲ್ವೇನೋ ಊರಿಗೆಲ್ಲ ಹೇಳ್ಕೊಂಡು ಬಂದಿದ್ದು? ಜೀವ ಇರೋ ಜಾಗದಲ್ಲೇ ಕಾವಲಿರ್ಬೇಕು ಅಂತ ಇಟ್ಟೆ. ಒಳ್ಳೇ ದಿನ ಹುಡುಕಿ ಹೋದ ವಾರ ತಾನೇ ಪೂಜೆ ಮಾಡಿದ್ದು, ಮರೆತ್ಯಾ?"

"ಅದು ಸುಟ್ಟು ಹೊಗೆ ಬರ್ತಿದೆಯಮ್ಮ!"

"ಅಯ್ಯೋ! ಪಕ್ಕದಲ್ಲಿ ಯಾರಿದಾರೆ? ಆ ಬಾಯಿ ಜೋರಿನ ಹುಡುಗಿ ಬಂದಿದಾಳಾ?"

"ಬಂದಿದಾರೆ."

"ಹಾಗಾದ್ರೆ ಮೀನು ಅದರ ಕೆಲಸ ಮಾಡಿದೆ ಬಿಡು," ಎಂದು ಫೋನ್ ಇಟ್ಟರು.

ನಾನು ರಸ್ತೆಬದಿಯಲ್ಲೇ ಕುಕ್ಕರಿಸಿ ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನದಲ್ಲ. ನಕ್ಕು ಮುಗಿಸಿದ ಮೇಲೆ ಒಂದು ಅನುಮಾನ ಬಂತು.

"ಹೋದ ವಾರದಿಂದ ಮೀನು ಇಲ್ಲೇ ಇದೆ. ಈ ಸೋಮವಾರ ಎಣ್ಣೆ ಹೇಗೆ ನೋಡಿದ್ರಿ?"

ಈಗ ನೆಲ ನೋಡುವ ಸರದಿ ಅವನದು.

"ನೋಡ್ಲಿಲ್ಲ."

"ಅದರ ಹಿಂದಿನ ಸೋಮವಾರ?"

"ಒಂದು ಸಲಾನೂ ನೋಡಿಲ್ಲ ಮೇಡಂ. ನೋಡಿ ಎಲ್ಲಾ ಸರಿಯಾಗಿದ್ರೆ ನಿಮ್ಮ ಹತ್ರ ಬರೋಕೆ ಕಾರಣ ಇರಲ್ಲ. ನೋಡದೇ ಇದ್ರೆ, ಏನಾದ್ರೂ ಕೆಟ್ಟಿರಬಹುದು ಅಂತ ಒಂದು ಆಸೆ."

"ಮತ್ತೆ ಸರಿಯಾಗಿದೆ ಅಂತ ಯಾಕೆ ಕಳಿಸ್ತಿದ್ರಿ?"

"ನೋಡಿಲ್ಲ ಅಂದ್ರೆ ಬೈತೀರಿ ಅಂತ."

ಬೈದೆ. ಚೆನ್ನಾಗಿಯೇ ಬೈದೆ. ಎಣ್ಣೆ ನೋಡದೆ ಗಾಡಿ ಓಡಿಸುವ ಗಂಡಸರ ಬಗ್ಗೆ ನನಗಿದ್ದ ಅಭಿಪ್ರಾಯವನ್ನೆಲ್ಲ ಹೇಳಿದೆ. ಅವನು ಹಬ್ಬದೂಟಕ್ಕೆ ಕೂತವನ ಹಾಗೆ ಸಂತೋಷವಾಗಿ ಕೇಳುತ್ತಿದ್ದ.

ಆಮೇಲೆ ಮೀನನ್ನು ತೆಗೆದು, ಬಾಲಕ್ಕೆ ನೀರು ಸುರಿದು, ಹಿಂದಿನ ಡಿಕ್ಕಿಗೆ ಸಾಗಿಸಿದೆ. ಎಂಜಿನ್ ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಹಿಡಿದುಕೊಂಡೆ.

"ನೀವು ಹತ್ತು ಹೆಜ್ಜೆ ದೂರ ಹೋಗಿ, ಆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದೆ.

ಅವನು ಹೆಜ್ಜೆ ಎಣಿಸಿಕೊಂಡು ಹೋಗಿ, ಬೆನ್ನು ತಿರುಗಿಸಿ ನಿಂತ. ನಾನು ಕಣ್ಣುಮುಚ್ಚಿ ಕೇಳಿದೆ. ನಾಲ್ಕು ಕಡೆ ತುದಿಯಿಟ್ಟು ಕೇಳಿದೆ. ಒಂದೇ ಹದದ ಸದ್ದು, ಎಲ್ಲೂ ಟಕಟಕ ಇಲ್ಲ, ಎಲ್ಲೂ ಎಳೆತ ಇಲ್ಲ. ಎಂಥ ಒಳ್ಳೆಯ ಎಂಜಿನ್! ಎದೆಯ ಮೇಲಿನ ಕಲ್ಲು ಇಳಿಯಿತು.

"ಚೆನ್ನಾಗಿದೆ!" ಎಂದು ಕೂಗಿದೆ. "ಈ ಸಲ ಕೇಳಿಸ್ಕೊಂಡು ಹೇಳ್ತಿದೀನಿ!"

ಅವನು ಓಡಿ ಬಂದ. ಓಡುವ ಅಗತ್ಯವಿರಲಿಲ್ಲ, ಹತ್ತೇ ಹೆಜ್ಜೆ. ಗಡಿಯಾರ ನೋಡಿದರೆ ಹನ್ನೊಂದೂವರೆ. ಸ್ಕೂಟರಿಗೆ ಅಲ್ಲೇ ಬೀಗ ಹಾಕಿ ನಾನೂ ಅವನ ಪಕ್ಕ ಹತ್ತಿದೆ. ಸೀಟು ಬೆಚ್ಚಗಿತ್ತು. ದಾರಿಯಲ್ಲಿ ಅವನು ಗೇರಿನ ಮೇಲಿದ್ದ ಕೈಯನ್ನು ಅಲ್ಲಿಂದ ತೆಗೆದು ನನ್ನ ಕೈ ಮೇಲಿಟ್ಟ. "ಗೇರ್ ಬದಲಾಯಿಸಿ, ಎಂಜಿನ್ ಒದ್ದಾಡ್ತಿದೆ," ಎಂದೆ. ಬದಲಾಯಿಸಿ, ಮತ್ತೆ ತಂದು ಅಲ್ಲೇ ಇಟ್ಟ.

ನಾಲ್ಕನೇ ಮಹಡಿಯ ಮನೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮಗುವಿನ ಅಜ್ಜಿ ಬಾಗಿಲು ತೆರೆದರು. ಒಳಗೆ ತೊಟ್ಟಿಲಲ್ಲಿ ಮಗು ಮಲಗಿತ್ತು. ಅಜ್ಜಿ ಕಡುಬಿನ ಪೆಟ್ಟಿಗೆ ನೋಡಿದರು, ನನ್ನ ಕೆನ್ನೆಯ ಮಸಿ ನೋಡಿದರು.

"ಏನಪ್ಪಾ, ಹೆಂಡ್ತಿ ಕೈಲೂ ಇಷ್ಟೊಂದು ಕೆಲಸ ಮಾಡಿಸ್ತೀಯಾ?"

"ಹೆಂಡ್ತಿ ಅಲ್ಲ ಅಜ್ಜಿ," ಎಂದ ಯುನ್‌ಸಿಕ್. ನನ್ನ ಮುಖ ಬಾಡುವಷ್ಟು ಹೊತ್ತೂ ಕೊಡದೆ ಸೇರಿಸಿದ, "ಇನ್ನೂ ಕೇಳಿಲ್ಲ."

"ಯಾವಾಗ ಕೇಳ್ತೀಯಾ, ನಾನು ಸತ್ತ ಮೇಲಾ? ಈಗ್ಲೇ ಕೇಳು. ಮೆಲ್ಲಗೆ, ಮಗು ಮಲಗಿದೆ."

ಅವನು ಪೆಟ್ಟಿಗೆ ಕೆಳಗಿಟ್ಟು, ನನ್ನ ಕಡೆ ತಿರುಗಿದ.

"ರಾನ್‌ಹಿ, ನನ್ನ ಮದುವೆಯಾಗ್ತೀಯಾ?"

ಹನ್ನೊಂದು ವರ್ಷ ಎಂಜಿನ್‌ಗಳ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದವಳು ನಾನು. ಆಗ ಮಾತ್ರ ತೊಟ್ಟಿಲಿನ ಕಡೆ ನೋಡಿ, ಪಿಸುದನಿಯಲ್ಲಿ "ಹೂಂ" ಎಂದೆ.

"ಏನಂದ್ಳು? ಏನಂದ್ಳು?" ಅಜ್ಜಿ ಕಿವಿಗೆ ಕೈ ಒಡ್ಡಿ ಕೇಳಿದರು.

"ಹೂಂ ಅಂದ್ಳು ಅಜ್ಜೀ!" ಎಂದು ಯುನ್‌ಸಿಕ್ ಇಡೀ ಮಹಡಿಗೆ ಕೇಳುವಂತೆ ಕೂಗಿದ. ಮಗು ಎಚ್ಚೆತ್ತು ಅಳತೊಡಗಿತು.